ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ಹಾರ್ಡ್ ಡಿಸ್ಕ್ ಬಳಸೋದು ಹೇಗೆ?

ನಿಮ್ಮ 2 ಟಿಬಿ ಡಿಸ್ಕ್ ಮ್ಯಾಕ್‌ನಲ್ಲಿ ತೆರೆಯುತ್ತೆ, ಆದರೆ ಹೊಸ ಫೈಲ್ ಹಾಕೋಕೆ ಬಿಡ್ತಿಲ್ಲ ಅಂದಿದ್ದೀರಿ. ಡಿಸ್ಕ್ ಕೆಟ್ಟಿಲ್ಲ, ಗಾಬರಿ ಬೇಡ. ಅದು ಎನ್‌ಟಿಎಫ್‌ಎಸ್ ಆಗಿರಬೇಕು, ಅಂದರೆ ವಿಂಡೋಸ್‌ನ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡೋ ವಿಧಾನ). ಮ್ಯಾಕ್ ಅದನ್ನು ಓದುತ್ತೆ, ಅದಕ್ಕೆ ಬರೆಯಲ್ಲ. ಲಿನಕ್ಸ್ ಬರೆಯುತ್ತೆ, ಆದರೆ ವಿಂಡೋಸ್ ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕ್‌ಗೆ ಉಳಿಸಿ ಮಲಗೋದು) ಆದಾಗ ಡಿಸ್ಕ್ ಕಿತ್ತು ತಂದಿದ್ದರೆ ಅಲ್ಲೂ ಓದೋಕಷ್ಟೇ ಸಿಗಬಹುದು.

ಮೂರೂ ಕಡೆ ನಡೆಯಬೇಕಾದರೆ ನಾನು ಹೇಳೋದು ಎಕ್ಸ್‌ಫ್ಯಾಟ್ ಅನ್ನೋ ಫೈಲ್ ಸಿಸ್ಟಮ್. ಫ್ಯಾಟ್32 ಕೂಡ ಎಲ್ಲೆಡೆ ಓಡುತ್ತೆ, ಆದರೆ 4 ಜಿಬಿ ಮೀರಿದ ಒಂದು ವಿಡಿಯೋ ಕೂಡ ಅದರಲ್ಲಿ ಹಿಡಿಸಲ್ಲ. ಲಿನಕ್ಸ್‌ನಲ್ಲಿ ಕರ್ನಲ್ (ಅದರ ತಿರುಳು ಭಾಗ) 5.7ರಿಂದ ಎಕ್ಸ್‌ಫ್ಯಾಟ್‌ಗೆ ಒಳ್ಳೆಯ ಡ್ರೈವರ್ ಇದೆ. ಫಾರ್ಮ್ಯಾಟ್ ಮಾಡೋಕೆ, ರಿಪೇರಿಗೆ ಎಕ್ಸ್‌ಫ್ಯಾಟ್‌ಪ್ರೋಗ್ಸ್ ಪ್ಯಾಕೇಜ್ ಹಾಕಿಕೊಳ್ಳಿ.

ಮೊದಲು ಡಿಸ್ಕ್‌ನಲ್ಲಿರೋದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ, ನಾಲ್ಕೈದು ಫೈಲ್ ತೆರೆದು ನೋಡಿ. ಫಾರ್ಮ್ಯಾಟ್ ಮಾಡಿದರೆ ಎಲ್ಲ ಹೋಗುತ್ತೆ. ಆಮೇಲೆ ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್, ಎಕ್ಸ್‌ಫ್ಯಾಟ್. ಮ್ಯಾಕ್‌ನಲ್ಲೇ ಮಾಡ್ತೀರಾದರೆ ಡಿಸ್ಕ್ ಯುಟಿಲಿಟಿಯ ವ್ಯೂ ಮೆನುವಿನಲ್ಲಿ 'ಶೋ ಆಲ್ ಡಿವೈಸಸ್' ಒತ್ತಿ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿರೋ ಡಿಸ್ಕನ್ನೇ ಆರಿಸಿ, ಫಾರ್ಮ್ಯಾಟ್ ಎಕ್ಸ್‌ಫ್ಯಾಟ್, ಸ್ಕೀಮ್ ಜಿಯುಐಡಿ ಕೊಟ್ಟು ಎರೇಸ್ ಮಾಡಿ.

ಅಲೊಕೇಶನ್ ಯುನಿಟ್ (ಡಿಸ್ಕ್ ಒಂದು ಫೈಲ್‌ಗೆ ಕೊಡೋ ಕನಿಷ್ಠ ಜಾಗದ ತುಂಡು) 128 ಕೆಬಿ ಇದ್ದರೆ 1 ಕೆಬಿ ಫೈಲೂ 128 ಕೆಬಿ ಜಾಗ ತಿನ್ನುತ್ತೆ. ಅಂಥ 10,000 ಪುಟಾಣಿ ಫೈಲ್‌ಗಳು ಸೇರಿದರೆ 1.2 ಜಿಬಿ ದಾಟುತ್ತೆ. ಸಿನಿಮಾ, ಫೋಟೋಗೆ ಇದು ಲೆಕ್ಕಕ್ಕಿಲ್ಲ. ಕೋಡ್ ಫೋಲ್ಡರ್ ಆದರೆ ಟಾರ್ ಮಾಡಿ (ಅನೇಕ ಫೈಲ್‌ಗಳನ್ನು ಒಂದೇ ಕಟ್ಟಾಗಿ ಸೇರಿಸೋದು) ಒಂದೇ ಫೈಲಾಗಿ ಇಡಿ. ಎಕ್ಸ್‌ಫ್ಯಾಟ್‌ನಲ್ಲಿ ಸಿಮ್‌ಲಿಂಕ್ (ಬೇರೆ ಫೈಲ್‌ನತ್ತ ಬೊಟ್ಟುಮಾಡೋ ಕೊಂಡಿ), ಲಿನಕ್ಸ್ ಪರ್ಮಿಶನ್ (ಫೈಲನ್ನು ಯಾರು ಓದಬಹುದು, ಬರೆಯಬಹುದು ಅನ್ನೋದು) ಉಳಿಯಲ್ಲ, ಟಾರ್ ಒಳಗೆ ಅವೂ ಭದ್ರ.

ಹೆಸರಿನ ತೊಡಕು ಒಂದಿದೆ. ಲಿನಕ್ಸ್‌ನಲ್ಲಿ 'ಸಭೆ 10:30' ಅಂತ ಇಟ್ಟ ಫೈಲ್ ಈ ಡಿಸ್ಕ್‌ಗೆ ಕಾಪಿಯೇ ಆಗಲ್ಲ, 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅನ್ನುತ್ತೆ. ಕಾರಣ ಆ ಕೋಲನ್. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆಗಳಿಗೂ ಇದೇ ಗತಿ.

ಇನ್ನು ಮುಖ್ಯವಾದದ್ದು. ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲಿಂಗ್ ಇಲ್ಲ. ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಅರ್ಧ ಬರೆದದ್ದನ್ನು ಸರಿಮಾಡಿಕೊಳ್ಳೋ ದಾಖಲೆ ಅದರಲ್ಲಿ ಇರಲ್ಲ, ಇಡೀ ಫೋಲ್ಡರೇ ಕಾಣೆಯಾಗಬಹುದು. ಕಾಪಿಯ ಪಟ್ಟಿ ತುಂಬಿತು ಅಂದಮಾತ್ರಕ್ಕೆ ಬರೆದು ಮುಗಿದಿರಲ್ಲ, ಲಿನಕ್ಸ್‌ನಲ್ಲಂತೂ ಡೇಟಾ ಇನ್ನೂ ರ್‍ಯಾಮ್‌ನಲ್ಲೇ ಇರುತ್ತೆ. ಪ್ರತಿ ಸಲವೂ ಇಜೆಕ್ಟ್ ಮಾಡಿಯೇ ಕೀಳಿ. ಹಾಗೇ ಕಿತ್ತ ಡಿಸ್ಕ್ ಮ್ಯಾಕ್‌ನಲ್ಲಿ ಸ್ವಲ್ಪ ಹೊತ್ತು ಕಾಣಿಸದಿದ್ದರೆ ಅದು ಹಿನ್ನೆಲೆಯಲ್ಲಿ ಪರೀಕ್ಷೆ ನಡೆಸುತ್ತಿರಬಹುದು. ಮತ್ತೆ ಕೀಳದೆ ಕಾಯಿರಿ. ವಿಂಡೋಸ್‌ನಲ್ಲಿ ಡಿಸ್ಕ್‌ನ ಪ್ರಾಪರ್ಟೀಸ್‌ಗೆ ಹೋಗಿ, ಟೂಲ್ಸ್‌ನಲ್ಲಿ ಚೆಕ್ ಒತ್ತಿ.

ದಯವಿಟ್ಟು ಈ ಡಿಸ್ಕನ್ನು ಫೈಲ್ ಸಾಗಿಸೋಕೆ ಮಾತ್ರ ಇಟ್ಟುಕೊಳ್ಳಿ. ಮಕ್ಕಳ ಫೋಟೋಗಳ ಒಂದೇ ಒಂದು ಪ್ರತಿ ಇದರಲ್ಲಿರೋದು ಬೇಡ.