ಫ್ಯಾಕ್ಟೋರಿಯೋ ಅನ್ನೋ ಕಾರ್ಖಾನೆ ಕಟ್ಟೋ ಕಂಪ್ಯೂಟರ್ ಆಟದಲ್ಲಿ 10 ಸ್ಟೀಮ್ ಎಂಜಿನ್ ಇದ್ದರೂ ಕರೆಂಟ್ ಸಾಲುತ್ತಿಲ್ಲ, ಯಾಕೆ?

ಎಂಜಿನ್ ಎಣಿಸೋದಕ್ಕಿಂತ ಮೊದಲು ಬಾಯ್ಲರ್ ಎಣಿಸಿ. ನೀವು ಬರೆದಿರೋ ಪ್ರಕಾರ ಬಾಯ್ಲರ್ 3, ಅದಿರು-ಕಲ್ಲಿದ್ದಲು ತೆಗೆಯೋ ಎಲೆಕ್ಟ್ರಿಕ್ ಡ್ರಿಲ್ 40, ಸಾಮಾನು ತಯಾರಿಸೋ ಮೊದಲ ದರ್ಜೆಯ ಅಸೆಂಬ್ಲಿಂಗ್ ಮೆಷಿನ್ 30. ಒಂದು ಬಾಯ್ಲರಿಂದ ಬರೋದು 1.8 ಮೆಗಾವ್ಯಾಟ್, ಒಂದು ಎಂಜಿನ್‌ಗೆ ಬೇಕಾದ್ದು 900 ಕಿಲೋವ್ಯಾಟ್. ಅಂದರೆ ಬಾಯ್ಲರಿಗೆ ಎರಡೇ ಎಂಜಿನ್. ನಿಮಗೆ ಸಿಗ್ತಿರೋದು 5.4 ಮೆಗಾವ್ಯಾಟ್, ನಾಲ್ಕು ಎಂಜಿನ್ ಸುಮ್ಮನೆ ನಿಂತ ಹಾಗೆ. ಖರ್ಚು ನೋಡಿ: ಡ್ರಿಲ್ ತಲಾ 90 ಕಿಲೋವ್ಯಾಟ್, ಮೆಷಿನ್ ತಲಾ 75. ಒಟ್ಟು 5.85 ಮೆಗಾವ್ಯಾಟ್, ಇನ್ಸರ್ಟರ್ (ಸಾಮಾನು ಎತ್ತಿ ಹಾಕೋ ಯಂತ್ರದ ಕೈ) ಬಿಟ್ಟು. ಇನ್ನೆರಡು ಬಾಯ್ಲರ್ ಹಾಕಿದರೆ 9 ಮೆಗಾವ್ಯಾಟ್ ಪೂರ್ತಿ ಬರುತ್ತೆ. ಬೇಡಿಕೆ ಇದ್ದಷ್ಟೇ ಉಗಿ ಖರ್ಚಾಗೋದು, ಹಾಗಾಗಿ ಹೆಚ್ಚಿಗೆ ಇಟ್ಟರೆ ಕಲ್ಲಿದ್ದಲು ದಂಡವಾಗಲ್ಲ.

ನೀರಿನ ಚಿಂತೆ ಬೇಡ. ಆಟದ ಹಳೆಯ 1.1 ಆವೃತ್ತಿಯಲ್ಲೂ ಒಂದು ಪಂಪಿಗೆ 20 ಬಾಯ್ಲರ್, 2.0ರಲ್ಲಿ 200.

ನಿಜವಾದ ಅಪಾಯ ಬೇರೆ ಇದೆ. ನಮ್ಮ ಮಲೆನಾಡಲ್ಲಿ ಲೋ ವೋಲ್ಟೇಜ್ ಬಂದರೆ ತೋಟದ ಪಂಪ್‌ಸೆಟ್ ಮೋಟಾರು ಸುಟ್ಟೇ ಹೋಗಬಹುದು. ಆಟದಲ್ಲಿ ಏನೂ ಸುಡಲ್ಲ, ಎಲ್ಲ ನಿಧಾನ ಆಗುತ್ತೆ. ಕಲ್ಲಿದ್ದಲು ತೆಗೆಯೋ ಡ್ರಿಲ್ಲೂ ನಿಧಾನ, ಬಾಯ್ಲರಿಗೆ ಹಾಕೋ ಇನ್ಸರ್ಟರೂ ನಿಧಾನ. ಅದೇ ಬೆಲ್ಟಿಂದ ಕುಲುಮೆಗಳೂ ಕಲ್ಲಿದ್ದಲು ಎತ್ಕೊಳ್ತಿದ್ದರೆ ಬಾಯ್ಲರಿಗೆ ಉಳಿಯೋದು ಇನ್ನೂ ಕಮ್ಮಿ. ಉಗಿ ಇಳಿಯುತ್ತೆ, ಕರೆಂಟ್ ಇಳಿಯುತ್ತೆ, ಮತ್ತೆ ಕಲ್ಲಿದ್ದಲು ಇಳಿಯುತ್ತೆ. ಕೊನೆಗೆ ಪೂರ್ತಿ ಕತ್ತಲೆ. ಆಮೇಲೆ ಬಾಯ್ಲರುಗಳಿಗೆ ಕೈಯಲ್ಲೇ ಕಲ್ಲಿದ್ದಲು ತುಂಬಿ ಎಬ್ಬಿಸಬೇಕು.

ಹಾಗಾಗದಂತೆ ಬಾಯ್ಲರಿನ ಮುಂದೆ ಬರ್ನರ್ ಇನ್ಸರ್ಟರನ್ನೇ ಇಡಿ. ಅದಕ್ಕೆ ಕರೆಂಟ್ ಬೇಡ, ತನ್ನ ಇಂಧನ ತಾನೇ ಅದೇ ಬೆಲ್ಟಿಂದ ತಗೊಳ್ಳುತ್ತೆ. ಕುಲುಮೆಯ ಬೆಲ್ಟ್ ಬೇರೆ ಮಾಡಿ. ಪೂರ್ತಿ ಲೋಡಿನಲ್ಲಿ ಒಂದು ಬಾಯ್ಲರ್ ಸೆಕೆಂಡಿಗೆ 0.45 ಕಲ್ಲಿದ್ದಲು ತಿನ್ನುತ್ತೆ, ಒಂದು ಡ್ರಿಲ್ ಕೊಡೋದು 0.5. ಐದು ಬಾಯ್ಲರಿಗೆ ಐದು ಡ್ರಿಲ್ ಧಾರಾಳ. ಆ ಐದು ಡ್ರಿಲ್ಲಿಗೆ ಬೇಕಾದ್ದು ಬರೀ 450 ಕಿಲೋವ್ಯಾಟ್; ಅವಕ್ಕಂತಲೇ ಒಂದು ಬಾಯ್ಲರ್, ಒಂದು ಎಂಜಿನ್ ಪ್ರತ್ಯೇಕ ಇಟ್ಟು, ಕಂಬದ ವೈರು ಮುಖ್ಯ ಲೈನಿಗೆ ತಾಗದಂತೆ ನೋಡ್ಕೊಳ್ಳಿ. ಉಗಿಯ ಪೈಪೂ ಬೇರೆಯೇ ಇರಲಿ, ಇಲ್ಲದಿದ್ದರೆ ದೊಡ್ಡ ಲೈನು ಅದನ್ನೂ ಎಳ್ಕೊಳ್ಳುತ್ತೆ. ಕಾರ್ಖಾನೆ ಎಷ್ಟೇ ಬೆಳೆದರೂ ಈ ಭಾಗ ಮಾತ್ರ ನಿಲ್ಲಬಾರದು.

ಸೋಲಾರ್ ಈಗಲೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಪ್ಯಾನೆಲ್ 60 ಕಿಲೋವ್ಯಾಟ್ ಅಂತಿದ್ದರೂ ರಾತ್ರಿ ಸೇರಿಸಿ ಸರಾಸರಿ 42 ಮಾತ್ರ. 9 ಮೆಗಾವ್ಯಾಟಿಗೆ 215 ಪ್ಯಾನೆಲ್, ರಾತ್ರಿಗೆ ಕರೆಂಟ್ ಕೂಡಿಡೋ ಅಕ್ಯುಮುಲೇಟರ್ ಸುಮಾರು 180 ಬೇಕು. ಸದ್ಯಕ್ಕೆ ಯಾವುದಾದರೂ ಕಂಬದ ಮೇಲೆ ಕ್ಲಿಕ್ ಮಾಡಿ, ಯಾವ ಯಂತ್ರ ಎಷ್ಟು ಎಳೀತಿದೆ ಅನ್ನೋ ಪಟ್ಟಿ ನೋಡಿಯೇ ಮುಂದಿನ ಬಾಯ್ಲರ್ ಹಾಕಿ.