ಕಂಪನ ಕಡಲಲ್ಲಿ, ಲೆಕ್ಕ ಕಾಲಡಿಯ ಮಣ್ಣಿನದು

ಪ್ರಶ್ನೆ: ಸರ್, ಕಾರವಾರದಲ್ಲಿ ದೋಣಿ ನಿಲ್ಲಿಸುವ ಒಂದು ಸಣ್ಣ ಜೆಟ್ಟಿಯ ಡಿಸೈನ್ ಮಾಡ್ತಾ ಇದ್ದೇನೆ. ಸಮುದ್ರದ ತಳದಲ್ಲಿ ದಾಖಲಾಗುವ ಭೂಕಂಪದ ಅಲುಗಾಟ ನೆಲದ ಮೇಲಿನದಕ್ಕಿಂತ ಬೇರೆ ಥರ ಇರುತ್ತೆ ಅಂತ ಓದಿದೆ. ಹಾಗಾದ್ರೆ ಐಎಸ್ 1893ರ (ಭೂಕಂಪದ ಬಲ ಲೆಕ್ಕ ಹಾಕುವ ಭಾರತೀಯ ಕೋಡ್) ಗ್ರಾಫ್ ಹಿಡಿದು ಲೆಕ್ಕ ಹಾಕಿದ್ರೆ ಸಾಕಾ?
- ಯುವ ಸಿವಿಲ್ ಎಂಜಿನಿಯರ್, ಕಾರವಾರ

ಉತ್ತರ: ನೀವು ಓದಿದ್ದು ಸರಿಯೇ. ಆದರೆ ಅದು ಎಷ್ಟು ಆಳದ ಸಮುದ್ರದ ಮಾತು ಅಂತ ಮೊದಲು ನೋಡಿ. ಇಂಥ ದಾಖಲೆಗಳಲ್ಲಿ ಹೆಸರಾದದ್ದು ಜಪಾನಿನ ಸಗಾಮಿ ಕೊಲ್ಲಿಯವು. ಅಲ್ಲಿನ ಮಾಪಕಗಳು ಕೂತಿರೋದು ಸುಮಾರು ಒಂದೆರಡು ಸಾವಿರ ಮೀಟರ್ ಆಳದಲ್ಲಿ. ಅಲ್ಲಿ ಮೇಲೆ-ಕೆಳಗಿನ ಅಲುಗಾಟ ನೆಲದ ಮೇಲಿನದಕ್ಕಿಂತ ಕಡಿಮೆ ಕಂಡಿತು. ಅಡ್ಡಡ್ಡಕ್ಕೆ ನಿಧಾನವಾಗಿ ತೂಗುವ ಅಲುಗಾಟ ಮಾತ್ರ ಜಾಸ್ತಿ.

ಮೊದಲನೆಯದರಲ್ಲಿ ನೀರಿನ ಕೈವಾಡ ದೊಡ್ಡದು. ಆದರೆ ನೀರು ಯಾವ ಆವರ್ತನದಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಲದ (ಹರ್ಟ್ಸ್) ಅಲುಗಾಟದಲ್ಲಿ, ಕೈ ಹಾಕುತ್ತೆ ಅನ್ನೋದು ಆಳದ ಮೇಲೆ ನಿಂತಿದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಅದನ್ನು ಆಳದ ನಾಲ್ಕರಷ್ಟರಿಂದ ಭಾಗಿಸಿ. ಸಾವಿರ ಮೀಟರ್ ಆಳಕ್ಕೆ 0.375 ಹರ್ಟ್ಸ್ ಬರುತ್ತೆ. ನಿಮ್ಮ ಜೆಟ್ಟಿ ಹತ್ತು ಮೀಟರ್ ನೀರಿನಲ್ಲಿದ್ದರೆ? 37 ಹರ್ಟ್ಸ್ ದಾಟುತ್ತೆ, ಅಷ್ಟು ವೇಗದ ನಡುಕ ಜೆಟ್ಟಿಯ ಲೆಕ್ಕಕ್ಕೆ ಬರೋದೇ ಇಲ್ಲ. ಹಾಗಾಗಿ ಜಪಾನಿನ ಪ್ರಬಂಧ ತೋರಿಸಿ ಲಂಬ (ಮೇಲೆ-ಕೆಳಗಿನ) ಬಲ ಇಳಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಡ್ಡ ಬಲದ ಮೂರನೇ ಎರಡರಷ್ಟು ಅಂತ ಕೋಡ್ ಹೇಳುವುದು ಹಾಗೇ ಇರಲಿ.

ಎರಡನೆಯದು, ಅಂದರೆ ಅಡ್ಡಡ್ಡ ತೂಗಾಟ, ಮಾತ್ರ ನಿಮಗೂ ಅನ್ವಯಿಸುತ್ತೆ, ಯಾಕಂದ್ರೆ ಅದು ಬಹುಪಾಲು ತಳದ ಮೆತ್ತನೆಯ ಕೆಸರಿನ ಕೆಲಸ. ಕಾಳಿ ನದಿ ತಂದು ಸುರಿದ ಹೂಳು ನಿಮ್ಮ ಪೈಲ್ (ತಳದ ಮಣ್ಣಿಗೆ ಇಳಿಸಿದ ಕಂಬ) ಸುತ್ತಲೂ ಇರಬಹುದಲ್ವಾ? ಉದ್ದ ಪೈಲ್‌ಗಳ ಮೇಲೆ ನಿಂತ ಜೆಟ್ಟಿ ಒಂದು ಸಲ ಆಚೀಚೆ ತೂಗಲು 1.2 ಸೆಕೆಂಡ್ ತೆಗೆದುಕೊಳ್ಳುತ್ತೆ ಅಂತ ಇಟ್ಟುಕೊಳ್ಳಿ. ಐಎಸ್ 1893ರ 2016ರ ಆವೃತ್ತಿಯಲ್ಲಿ ಅಂಥ ಜೆಟ್ಟಿಗೆ ಅಡ್ಡ ಬಲದ ಗುಣಕ ಗಟ್ಟಿ ನೆಲಕ್ಕೆ 0.83, ಮೆತ್ತನೆ ನೆಲಕ್ಕೆ 1.39. ನೆಲ ಕೊರೆದು ಮಣ್ಣು ನೋಡಿದ ಬೋರ್‌ಹೋಲ್ ವರದಿ ಓದದೆ ಸುಮ್ನೆ 'ಕೆಳಗೆ ಬಂಡೆ ಇದೆ ಬಿಡಿ' ಅಂದುಕೊಂಡರೆ ಬಲದ ಲೆಕ್ಕದಲ್ಲಿ ನೂರಕ್ಕೆ ನಲವತ್ತು ಅಲ್ಲೇ ಕಾಣೆ. ಪೈಲ್‌ನ ತುದಿ ಬಂಡೆ ಮುಟ್ಟಿರಬಹುದು, ಆದರೆ ಅದನ್ನು ಅಲುಗಿಸೋದು ಮೇಲಿನ ಕೆಸರು ಕೂಡ.

ಇನ್ನೊಂದನ್ನು ಹೊಸಬರು ಮರೆಯುತ್ತಾರೆ. ಪೈಲ್ ಅಲುಗಿದಾಗ ಸುತ್ತಲಿನ ನೀರೂ ಜೊತೆಗೆ ಅಲುಗಬೇಕು. ಒಂದು ಮೀಟರ್ ವ್ಯಾಸದ ದುಂಡು ಪೈಲ್‌ಗೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 800 ಕಿಲೋ ನೀರನ್ನು ಪೈಲ್‌ನ ತೂಕಕ್ಕೇ ಸೇರಿಸಬೇಕು. ಪೈಲ್‌ನ ಕಾಂಕ್ರೀಟೇ ಮೀಟರಿಗೆ 2000 ಕಿಲೋದ ಹತ್ತಿರ. ಕೆಲವು ವರ್ಷ ಕಳೆದ ಮೇಲೆ ಪೈಲ್‌ಗೆ ಕಲ್ವಾ, ಚಿಪ್ಪು ಎಲ್ಲ ಮೆತ್ತಿಕೊಂಡು ದಪ್ಪವಾಗುತ್ತೆ, ಆಗ ನೀರಿನ ಪಾಲೂ ಏರುತ್ತೆ. ವ್ಯಾಸವನ್ನು ಸ್ವಲ್ಪ ಜಾಸ್ತಿ ಹಿಡಿದೇ ಲೆಕ್ಕ ಹಾಕಿ.

ಪ್ರಶ್ನೆ: ಕುಮಟಾದಲ್ಲಿ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ತುಂಬಿಸಿದ ಜಾಗದಲ್ಲಿ ಮೇಲೊಂದು ಮಹಡಿಯ ಮನೆ ಕಟ್ಟಿಸಬೇಕು ಅಂತಿದ್ದೇವೆ. ಅರಬ್ಬೀ ಸಮುದ್ರದಲ್ಲಿ ಎಲ್ಲೋ ದೊಡ್ಡ ಭೂಕಂಪ ಆದರೆ ನಮ್ಮ ಮನೆಗೆ ಅಪಾಯವಾ?
- ಗೃಹಿಣಿ, ಕುಮಟಾ

ಉತ್ತರ: 1945ರ ನವೆಂಬರ್‌ನಲ್ಲಿ ಈಗಿನ ಪಾಕಿಸ್ತಾನ-ಇರಾನಿನ ಮಕ್ರಾನ್ ಕರಾವಳಿಯಾಚೆ 8.1ರ ಭೂಕಂಪ ಆಗಿ ಸುನಾಮಿ ಎದ್ದಿತ್ತು, ಅದು ಮುಂಬೈಗೂ ಮುಟ್ಟಿತು. ಅಲೆಯ ಅಪಾಯ ಬೇರೆ, ಅಲುಗಾಟದ ಅಪಾಯ ಬೇರೆ. ನೀವು ಕೇಳಿದ್ದು ಅಲುಗಾಟದ ಬಗ್ಗೆ ಅಂತ ತಿಳಿದು ಹೇಳುತ್ತೇನೆ.

ದೂರದಿಂದ ಬರುವಾಗ ವೇಗದ ನಡುಕ ದಾರಿಯಲ್ಲೇ ಸವೆಯುತ್ತೆ, ನಿಧಾನದ ತೂಗಾಟ ಉಳಿಯುತ್ತೆ. ಗಾಳಿಗೆ ಅಡಿಕೆ ಮರ ತೂಗಿದಂತೆ ಎತ್ತರದ ಕಟ್ಟಡ ಅದಕ್ಕೆ ಸ್ಪಂದಿಸುತ್ತೆ. 2011ರಲ್ಲಿ ಜಪಾನಿನ ಕಡಲಲ್ಲಿ ಭೂಕಂಪ ಆದಾಗ 700 ಕಿಲೋಮೀಟರಿಗೂ ದೂರದ ಒಸಾಕಾದಲ್ಲಿ 55 ಮಹಡಿಯ ಕಟ್ಟಡ ನಿಮಿಷಗಟ್ಟಲೆ ತೂಗಿತ್ತು. 1985ರಲ್ಲಿ ಮೆಕ್ಸಿಕೋದ ಪೆಸಿಫಿಕ್ ಕರಾವಳಿಯಲ್ಲಿ ಆದ ಭೂಕಂಪಕ್ಕೆ ನೂರಾರು ಕಿಲೋಮೀಟರ್ ಒಳಗಿನ ರಾಜಧಾನಿಯಲ್ಲಿ ಕಟ್ಟಡಗಳು ಉರುಳಿದವು. ಅಲ್ಲಿದ್ದದ್ದು ಹಳೆಯ ಕೆರೆಯ ಜೇಡಿಮಣ್ಣು, ಎರಡು ಸೆಕೆಂಡಿಗೊಮ್ಮೆ ತೂಗುವಂಥದ್ದು. ಹೆಚ್ಚು ಪೆಟ್ಟು ತಿಂದದ್ದು ಮಧ್ಯಮ ಎತ್ತರದ, ಆರೇಳು ಮಹಡಿಗಿಂತ ಮೇಲಿನ ಕಟ್ಟಡಗಳು.

ನಿಮ್ಮ ಮನೆ ಒಂದು ಸಲ ಆಚೀಚೆ ತೂಗುವ ಅವಧಿ ಸುಮಾರು 0.2 ಸೆಕೆಂಡ್. ದೂರದ ಕಡಲ ತೂಗಾಟ ಅದನ್ನು ಅಷ್ಟಾಗಿ ಕಾಡಲ್ಲ. ಹತ್ತಿರದ ಸಣ್ಣ ಭೂಕಂಪ ಕಾಡಬಹುದು, ಐಎಸ್ 1893ರ 2016ರ ಆವೃತ್ತಿಯಲ್ಲಿ ನಿಮ್ಮದೇ ಜಿಲ್ಲೆಯ ಕಾರವಾರ ಭೂಕಂಪದ 3ನೇ (ಮಧ್ಯಮ ಅಪಾಯದ) ವಲಯದಲ್ಲಿದೆ ಅನ್ನೋದು ನೆನಪಿರಲಿ. ನನಗೆ ಅದಕ್ಕಿಂತ ಚಿಂತೆ ಗಜನಿಯದ್ದು. ಕೆಳಗೆ ಉಪ್ಪುನೀರು ಕುಡಿದ ಕೆಸರು, ಮೇಲೆ ಲಾರಿಯಲ್ಲಿ ತಂದು ಸುರಿದ ಕೆಂಪು ಮಣ್ಣು. ಇದು ಭೂಕಂಪ ಇಲ್ಲದೆಯೂ ಒಂದು ಕಡೆ ಕುಸಿಯುತ್ತೆ. ಮಧ್ಯೆ ಸಡಿಲ ಮರಳಿನ ಪದರ ಇದ್ದರೆ ಅಲುಗಿದಾಗ ಅದು ದ್ರವದ ಹಾಗೆ ಆಗಿ ಪಾಯವೇ ಜಾರಬಹುದು. ಪಾಯ ತೋಡುವ ಮೊದಲು ಬೋರ್‌ಹೋಲ್ ಹೊಡೆಸಿ ಮಣ್ಣು ಪರೀಕ್ಷೆ ಮಾಡಿಸಿ. ಟೈಲ್ಸ್‌ಗೆ ಖರ್ಚು ಮಾಡೋ ದುಡ್ಡಲ್ಲಿ ಸ್ವಲ್ಪ ಇಲ್ಲಿಗೆ ತಿರುಗಿಸಿದರೂ ಸಾಕು.

ಕೆಳಗೆ ಬರೀ ಕಂಬ ನಿಲ್ಲಿಸಿ ಕಾರು ಪಾರ್ಕಿಂಗ್ ಬಿಡೋ ಯೋಚನೆ ಇದ್ರೆ ಎಂಜಿನಿಯರ್ ಹತ್ರ ಮಾತಾಡದೆ ಮುಂದುವರಿಯಬೇಡಿ. 2001ರ ಭುಜ್ ಭೂಕಂಪದಲ್ಲಿ ಅಷ್ಟು ದೂರದ ಅಹಮದಾಬಾದಿನಲ್ಲಿ ಬಿದ್ದ ಎಷ್ಟೋ ಕಟ್ಟಡಗಳು ಅಂಥವೇ. ಕಂಬದ ಉದ್ದ ಸರಳುಗಳನ್ನು ಸುತ್ತುವ ರಿಂಗ್ ಕಟ್ಟುವ ದಿನ ನೀವೇ ಹೋಗಿ ನೋಡಿ: ರಿಂಗಿನ ಸರಳಿನ ತುದಿ 90 ಡಿಗ್ರಿಗೆ ನಿಂತಿರಬಾರದು, 135 ಡಿಗ್ರಿಗೆ ಬಾಗಿ ಕಂಬದ ಒಳಕ್ಕೆ ಮುಖ ಮಾಡಿರಬೇಕು, ಬಾಗಿದ ಮೇಲೆ ಕನಿಷ್ಠ 65 ಮಿಲಿಮೀಟರ್ ಉದ್ದ ಇರಬೇಕು. ಬಗ್ಗಿಸುವವರು ಗೊಣಗುತ್ತಾರೆ, ಗೊಣಗಲಿ.

ಪ್ರಶ್ನೆ: ನಾವು ಶಿರಸಿಯವರು, ಘಟ್ಟದ ಮೇಲೆ. ಕಡಲ ಭೂಕಂಪದ ಮಾತು ನಮಗ್ಯಾಕೆ?
- ಓದುಗ, ಶಿರಸಿ

ಉತ್ತರ: ಕಡಲದ್ದು ಬಿಡಿ, ನಿಮ್ಮ ತೊಂದರೆ ಇಳಿಜಾರಿನದ್ದು. ಮೇಲ್ಗಡೆ ಗಿಡ್ಡ ಕಂಬ, ಕೆಳಗಡೆ ಉದ್ದ ಕಂಬ ಇಟ್ಟು ಮನೆ ನಿಲ್ಲಿಸುತ್ತೀರಲ್ವಾ? ಅರ್ಧ ಉದ್ದದ ಕಂಬ ಎಂಟು ಪಟ್ಟು ಬಿಗಿ. ಬಲವೆಲ್ಲ ಅದಕ್ಕೇ ಹೋಗಿ ಮೊದಲು ಅದೇ ಒಡೆಯುತ್ತೆ. ಆ ಗಿಡ್ಡ ಕಂಬಗಳಿಗೆ ಮೇಲಿನಿಂದ ಕೆಳಗಿನವರೆಗೂ ರಿಂಗ್‌ಗಳನ್ನು ಹತ್ತಿರ ಹತ್ತಿರ ಕಟ್ಟಿಸಿ.