ಫೈರ್ ಫೋಮ್‌ನಿಂದ ಕಿಡ್ನಿ ಕ್ಯಾನ್ಸರ್: ಅಮೆರಿಕದಲ್ಲಿ ಕೇಸು ಹಾಕಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಭಾವ 1994ರಿಂದ ಟೆಕ್ಸಾಸ್‌ನ ನಗರಾಡಳಿತದ ವಿಮಾನ ನಿಲ್ದಾಣವೊಂದರಲ್ಲಿ ಫೈರ್‌ಫೈಟರ್, ಕಳೆದ ವರ್ಷ ಕಿಡ್ನಿ ಕ್ಯಾನ್ಸರ್ ಅಂತ ಗೊತ್ತಾಯಿತು. ಫೋಮ್ ತಯಾರಿಸಿದ ಕಂಪನಿಗಳ ಮೇಲೆ ಕೇಸು ಹಾಕಬಹುದೇ, ಎಲ್ಲಿಂದ ಶುರು ಮಾಡಬೇಕು?

ಹಾಕಬಹುದು. ಮೊದಲು ಕ್ಯಾಲೆಂಡರ್ ನೋಡಿ. ಟೆಕ್ಸಾಸ್‌ನಲ್ಲಿ ಇಂಥ ದಾವೆಗೆ ಗಡುವು 2 ವರ್ಷ. "ಕಾಯಿಲೆಗೆ ಫೋಮ್ ಕಾರಣ ಅಂತ ತಿಳಿದದ್ದೇ ತಡವಾಗಿ" ಎಂದು ವಾದಿಸಲು ಕಾನೂನಿನಲ್ಲಿ ಜಾಗವಿದೆ, ಆದರೆ ಅದನ್ನೇ ನೆಚ್ಚಿ ಕೂರಬೇಡಿ. ಬಯಾಪ್ಸಿ ವರದಿಯ ದಿನಾಂಕದಿಂದಲೇ ಲೆಕ್ಕ ಹಾಕಿ.

ಆಮೇಲೆ ಪೆಥಾಲಜಿ ವರದಿ ತರಿಸಿ. ಡಿಸ್ಚಾರ್ಜ್ ಸಮ್ಮರಿ ಸಾಲದು. ವರದಿಯಲ್ಲಿ "ರೀನಲ್ ಸೆಲ್ ಕಾರ್ಸಿನೋಮ" ಎಂದಿದೆಯೇ, ಇಲ್ಲ "ಯೂರೋಥೀಲಿಯಲ್ ಕಾರ್ಸಿನೋಮ" ಎಂದಿದೆಯೇ ನೋಡಿ. ಮೊದಲನೆಯದು ಕಿಡ್ನಿಯ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್, ಎರಡನೆಯದು ಕಿಡ್ನಿಯೊಳಗೆ ಮೂತ್ರ ಸೇರುವ ಭಾಗದ ಒಳಪದರದಲ್ಲಿ ಹುಟ್ಟುವಂಥದ್ದು. ಮನೆಯವರು ಎರಡನ್ನೂ ಕಿಡ್ನಿ ಕ್ಯಾನ್ಸರ್ ಅಂತಲೇ ಕರೆಯುತ್ತಾರೆ, ಕೋರ್ಟಿನಲ್ಲಿ ಎರಡರ ತೂಕ ಒಂದೇ ಅಲ್ಲ.

ಕೇಸು ನಿಲ್ಲುವುದೋ ಬೀಳುವುದೋ ಎನ್ನುವುದು ಮುಖ್ಯವಾಗಿ ಒಂದು ಪ್ರಶ್ನೆಯ ಮೇಲಿದೆ: ಯಾರ ಫೋಮ್, ಯಾವ ವರ್ಷಗಳಲ್ಲಿ? ಇಂಧನದ ಬೆಂಕಿ ಆರಿಸುವ ಎಎಫ್‌ಎಫ್‌ಎಫ್ ಎಂಬ ಈ ಫೋಮ್ ಸಾಂದ್ರ ದ್ರವವಾಗಿ ಬರುತ್ತದೆ. 3% ಮಾದರಿಯಾದರೆ 97 ಪಾಲು ನೀರಿಗೆ 3 ಪಾಲು ದ್ರವ. 3ಎಂ ಕಂಪನಿಯ "ಲೈಟ್ ವಾಟರ್" ಫೋಮ್‌ನಲ್ಲಿ ಪಿಎಫ್‌ಒಎಸ್ ಎಂಬ, ದೇಹದಲ್ಲಿ ವರ್ಷಗಟ್ಟಲೆ ಉಳಿಯುವ ಫ್ಲೋರಿನ್ ರಾಸಾಯನಿಕ ಇತ್ತು. ಆ ರಾಸಾಯನಿಕವನ್ನು ಕೈಬಿಡುವುದಾಗಿ ಕಂಪನಿ ಘೋಷಿಸಿದ್ದು 2000ದಲ್ಲಿ. ಬೇರೆ ಕಂಪನಿಗಳದ್ದು ಟೆಲೋಮರ್ ವಿಧಾನದ ಫೋಮ್, ಅದರ ರಸಾಯನವೇ ಬೇರೆ. ಹಾಗಾಗಿ "ಫೋಮ್ ಬಳಸುತ್ತಿದ್ದೆವು" ಎಂದಷ್ಟೇ ಹೇಳಿದರೆ ಪ್ರತಿಯೊಂದು ಕಂಪನಿಯೂ ಬೆರಳನ್ನು ಪಕ್ಕದವನ ಕಡೆಗೆ ತೋರಿಸುತ್ತದೆ.

ಪುರಾವೆ ಸಿಗುವ ಜಾಗಗಳು ನಿಮ್ಮ ಅನುಕೂಲಕ್ಕೇ ಇವೆ. ನಿಲ್ದಾಣ ನಗರಾಡಳಿತದ್ದಾದ್ದರಿಂದ ಟೆಕ್ಸಾಸ್‌ನ ಸಾರ್ವಜನಿಕ ಮಾಹಿತಿ ಕಾಯ್ದೆಯಡಿ ಫೋಮ್ ಖರೀದಿ ಆದೇಶ, ಸುರಕ್ಷತಾ ಮಾಹಿತಿ ಪತ್ರ, ತರಬೇತಿ ರಿಜಿಸ್ಟರ್, ಫೋಮ್ ಪರೀಕ್ಷೆಯ ದಾಖಲೆಗಳನ್ನು ಕೇಳಿ. ಅರ್ಜಿಯಲ್ಲಿ ವರ್ಷಗಳನ್ನು ಬಿಡಿಸಿ ಬರೆಯಿರಿ. "ಎಲ್ಲ ದಾಖಲೆ ಕೊಡಿ" ಅಂದರೆ ಸ್ಪಷ್ಟನೆ ಕೇಳಿ ಎಳೆದಾಡುತ್ತಾರೆ. ಹಳೆಯ ದಾಸ್ತಾನು ಇನ್ನೂ ಸ್ಟೇಷನ್‌ನಲ್ಲಿದ್ದರೆ 5 ಗ್ಯಾಲನ್ ಕ್ಯಾನ್, 55 ಗ್ಯಾಲನ್ ಡ್ರಮ್‌ಗಳ ಲೇಬಲ್ ಮತ್ತು ಲಾಟ್ ಸಂಖ್ಯೆಯ ಫೋಟೊವನ್ನು ಯಾರಾದರೂ ಸಹೋದ್ಯೋಗಿ ತೆಗೆಯಲಿ. ಫ್ಲೋರಿನ್ ಇಲ್ಲದ ಫೋಮ್‌ಗೆ ಬದಲಾಗುವ ನಿಲ್ದಾಣಗಳು ಹಳೆಯದನ್ನು ಸಾಗಹಾಕುತ್ತಿವೆ. ಜೊತೆಗೆ ಇಬ್ಬರು ಮೂವರು ಹಳೆಯ ಸಹೋದ್ಯೋಗಿಗಳ ಪ್ರಮಾಣಪತ್ರ (ಅಫಿಡವಿಟ್) ಬೇಕು. ಟ್ಯಾಂಕಿಗೆ ದ್ರವ ತುಂಬುವಾಗ ಕೈಗವಸು ಇತ್ತೇ, ತರಬೇತಿಯಲ್ಲಿ ಎಷ್ಟು ಸಲ ಫೋಮ್ ಬಿಡುತ್ತಿದ್ದರು, ನೆನೆದ ಬಟ್ಟೆಯನ್ನು ಎಲ್ಲಿ ಒಗೆಯುತ್ತಿದ್ದರು ಎಂಬ ವಿವರ ಅದರಲ್ಲಿರಲಿ.

ರಕ್ತಪರೀಕ್ಷೆ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು. ರಕ್ತದಲ್ಲಿ ಪಿಎಫ್‌ಒಎಸ್ ಅರ್ಧಕ್ಕಿಳಿಯಲು ಸುಮಾರು 5 ವರ್ಷ ಬೇಕು. ಅಂದರೆ ಫೋಮ್ ಮುಟ್ಟಿ ದಶಕಗಳೇ ಆಗಿದ್ದರೆ ಇವತ್ತಿನ ಕಡಿಮೆ ಅಂಕಿ ಅಂದಿನ ಪ್ರಮಾಣವನ್ನು ಹೇಳುವುದಿಲ್ಲ. ಭಾವ ನಿಯಮಿತವಾಗಿ ರಕ್ತದಾನ ಮಾಡುವವರಾದರೆ ಅದನ್ನೂ ಬರೆದಿಡಿ, ಅದರಿಂದಲೂ ಮಟ್ಟ ಇಳಿಯುತ್ತದೆ.

ಈ ಕೇಸುಗಳು ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನ ಫೆಡರಲ್ ಕೋರ್ಟಿನಲ್ಲಿ, ನ್ಯಾಯಾಧೀಶ ರಿಚರ್ಡ್ ಗರ್ಗೆಲ್ ಅವರ ಮುಂದೆ, ಎಂಡಿಎಲ್ (ಹಲವು ಜಿಲ್ಲೆಗಳ ಕೇಸುಗಳನ್ನು ಒಬ್ಬ ನ್ಯಾಯಾಧೀಶರ ಮುಂದೆ ತರುವ ವ್ಯವಸ್ಥೆ) 2873 ಎಂಬ ಸಂಖ್ಯೆಯಡಿ 2018ರಿಂದ ಒಟ್ಟುಗೂಡಿವೆ. ಇದು ಕ್ಲಾಸ್ ಆಕ್ಷನ್ ಅಲ್ಲ. ಪ್ರತಿ ರೋಗಿಯ ಕೇಸು ಬೇರೆ, ಪರಿಹಾರವೂ ಬೇರೆ. ವಾದಿ ತುಂಬುವ ಮಾಹಿತಿ ಪತ್ರ ಪ್ರಮಾಣ ಮಾಡಿ ಕೊಡುವಂಥದ್ದು. ಧೂಮಪಾನ, ಬೊಜ್ಜು, ರಕ್ತದೊತ್ತಡ ಇದ್ದರೆ ಮುಚ್ಚಿಡಬೇಡಿ. ಇವೆಲ್ಲ ಕಿಡ್ನಿ ಕ್ಯಾನ್ಸರಿಗೆ ಗೊತ್ತಿರುವ ಕಾರಣಗಳೇ, ಎದುರು ಪಕ್ಷ ಹುಡುಕಿಯೇ ಹುಡುಕುತ್ತದೆ.

ಸುದ್ದಿಯಲ್ಲಿ ಬಂದ 3ಎಂನ 10.3 ಶತಕೋಟಿ ಡಾಲರ್ ಕೇಳಿ ಆಸೆ ಕಟ್ಟಿಕೊಳ್ಳಬೇಡಿ. ಅದು 2023ರಲ್ಲಿ ಕುಡಿಯುವ ನೀರು ಪೂರೈಕೆದಾರರ ಜೊತೆ ಆದ ಒಪ್ಪಂದ, ರೋಗಿಗಳಿಗೆ ಸಂಬಂಧವಿಲ್ಲ. ಜಾಹೀರಾತುಗಳಲ್ಲಿ ಬರುವ "ಸರಾಸರಿ ಪರಿಹಾರ"ದ ಅಂಕಿಗಳನ್ನು ನಾನಂತೂ ನಂಬುವುದಿಲ್ಲ. ವಿಜ್ಞಾನ ಮಾತ್ರ ನಿಮ್ಮ ಪರವಾಗಿದೆ: 2012ರಲ್ಲಿ ಸಿ8 ವಿಜ್ಞಾನ ಸಮಿತಿ (ಸಿ8 ಅಂದರೆ ಪಿಎಫ್‌ಒಎ, ಈ ಫೋಮ್‌ಗಳಲ್ಲಿ ಸಿಗುವ, ಪಿಎಫ್‌ಒಎಸ್ ಜಾತಿಯದೇ ಇನ್ನೊಂದು ರಾಸಾಯನಿಕ) ಪಿಎಫ್‌ಒಎಗೂ ಕಿಡ್ನಿ ಕ್ಯಾನ್ಸರಿಗೂ ಸಂಭವನೀಯ ನಂಟಿದೆ ಎಂದಿತು, 2023ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ ಪಿಎಫ್‌ಒಎಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ಮೊದಲ ಗುಂಪಿಗೆ ಸೇರಿಸಿತು.

ಹೆಚ್ಚಿನವರು ಮರೆಯುವುದು ವರ್ಕರ್ಸ್ ಕಾಂಪೆನ್ಸೇಷನ್, ಅಂದರೆ ಕೆಲಸದಿಂದ ಬಂದ ಗಾಯ, ಕಾಯಿಲೆಗೆ ಉದ್ಯೋಗದಾತರ ವಿಮೆಯಿಂದ ಸಿಗುವ ಪರಿಹಾರ. ಕನಿಷ್ಠ 5 ವರ್ಷ ಸೇವೆ ಮಾಡಿದ ಫೈರ್‌ಫೈಟರ್‌ಗೆ ರೀನಲ್ ಸೆಲ್ ಕಾರ್ಸಿನೋಮ ಬಂದರೆ ಅದು ಕೆಲಸದಿಂದಲೇ ಬಂದದ್ದೆಂದು ಭಾವಿಸುವ ಕಾನೂನು ಟೆಕ್ಸಾಸ್‌ನಲ್ಲಿದೆ. ಅದರ ಗಡುವು ಇನ್ನೂ ಬಿಗಿ: ಕೆಲಸಕ್ಕೂ ಕಾಯಿಲೆಗೂ ನಂಟಿದೆ ಎಂದು ತಿಳಿದ 30 ದಿನದಲ್ಲಿ ಉದ್ಯೋಗದಾತರಿಗೆ ತಿಳಿಸಬೇಕು, 1 ವರ್ಷದೊಳಗೆ ಕ್ಲೇಮ್ ಹಾಕಬೇಕು. ಈ ಹಣ ಪಡೆದರೂ ಫೋಮ್ ಕಂಪನಿಗಳ ಮೇಲಿನ ದಾವೆ ಉಳಿಯುತ್ತದೆ. ಆದರೆ ಅಲ್ಲಿ ಗೆದ್ದರೆ ವಿಮೆಯವರು ತಾವು ಕೊಟ್ಟದ್ದನ್ನು ವಾಪಸ್ ಕೇಳುತ್ತಾರೆ.

ವಕೀಲರು ಸಾಮಾನ್ಯವಾಗಿ ಗೆದ್ದರೆ ಮಾತ್ರ 33ರಿಂದ 40% ತೆಗೆದುಕೊಳ್ಳುತ್ತಾರೆ. ಖರ್ಚನ್ನು ಕಳೆಯುವುದು ಆ ಪಾಲಿಗೆ ಮುಂಚೆಯೋ ನಂತರವೋ ಎಂದು ಒಪ್ಪಂದದಲ್ಲಿ ಓದಿ. ಟೀವಿ ಜಾಹೀರಾತಿನ ನಂಬರಿಗೆ ಫೋನ್ ಮಾಡಿ ಒಂದು ಕಡೆ ಸಹಿ ಹಾಕಿದ ಮೇಲೆ ಬೇರೆ ವಕೀಲರ ಆಫೀಸಿನಲ್ಲೂ ಸಹಿ ಹಾಕಬೇಡಿ. ಹಾಗೆ ಮಾಡಿದರೆ ಇಬ್ಬರೂ ಪಾಲಿಗೆ ಬರುತ್ತಾರೆ, ಅದು ಇತ್ಯರ್ಥವಾಗುವವರೆಗೆ ಹಣ ನಿಮ್ಮ ಕೈಗೆ ಬರುವುದಿಲ್ಲ.